ನಕ್ಷತ್ರಗಳ ಎಣಿಕೆಯೂ ತಂತ್ರಾಂಶದ ತೂಕವೂ

2008ರಲ್ಲಿ ಆರಂಭವಾದ ಗಿಟ್‌ಹಬ್ ತಾಣದಲ್ಲಿ ನಾನಾ ದೇಶಗಳ ಜನರು ತಾವು ರಚಿಸಿದ ತಂತ್ರಾಂಶದ ಮೂಲಬರಹವನ್ನು ಬಹಿರಂಗವಾಗಿ ಇರಿಸುತ್ತಾರೆ. ಮೆಚ್ಚಿದವರು ಗುಂಡಿಯೊಂದನ್ನು ಒತ್ತಿ ಅದಕ್ಕೆ ಒಂದು ‘ನಕ್ಷತ್ರ’ವನ್ನು ನೀಡುತ್ತಾರೆ. ಈ ನಕ್ಷತ್ರಗಳ ಸಂಖ್ಯೆಯನ್ನು ಯಂತ್ರದಿಂದಲೇ ಸಂಗ್ರಹಿಸಿ, ಯೋಜನೆಗಳನ್ನು ಒಂದನೆಯದು, ಎರಡನೆಯದು ಎಂದು ಶ್ರೇಣಿಗೊಳಿಸಿ, ಅಂತರಜಾಲದಲ್ಲಿ ಬಣ್ಣಬಣ್ಣದ ಸ್ತಂಭಾಲೇಖವಾಗಿ ತೋರಿಸುವುದು ಪದವಿ ತರಗತಿಯ ವಿದ್ಯಾರ್ಥಿಗೂ ಕಷ್ಟವಲ್ಲ. ಅಷ್ಟು ಸುಲಭವಾದುದರಿಂದಲೇ, ಆ ಆಲೇಖವು ಅಳೆಯುವುದೇನನ್ನು ಎಂದು ಕೇಳುವವರು ವಿರಳ.

ಆಕಾಶದ ನಕ್ಷತ್ರಗಳ ವಿಷಯದಲ್ಲಿ ಖಗೋಳಜ್ಞರು ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡರು. ಇರುಳಿನಲ್ಲಿ ಎಲ್ಲಕ್ಕಿಂತ ಉಜ್ಜ್ವಲವಾಗಿ ತೋರುವ ನಕ್ಷತ್ರ ಲುಬ್ಧಕ. ಆದರೆ ಅದಿರುವುದು ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿ. ಅದರ ನಿಜವಾದ ಕಾಂತಿ ಸೂರ್ಯನ ಸುಮಾರು 25ರಷ್ಟು. ಮಹಾವ್ಯಾಧದ ರಿಗೆಲ್ ಸೂರ್ಯನಿಗಿಂತ ಹತ್ತಾರು ಸಾವಿರ ಪಾಲು ಕಾಂತಿಯುಳ್ಳದ್ದಾದರೂ ಬಹುದೂರದಲ್ಲಿರುವುದರಿಂದ ಲುಬ್ಧಕನಿಗೆ ಸಮನಾಗಿ ಕಾಣದು. ತೋರಿಕೆಯ ಕಾಂತಿಗೂ ನಿಜಕಾಂತಿಗೂ ಪ್ರತ್ಯೇಕ ಮಾನಗಳು ಬಂದುದು ಇದರಿಂದಲೇ.

ತಂತ್ರಾಂಶಕ್ಕೆ ದೊರೆಯುವ ನಕ್ಷತ್ರವು ತೋರಿಕೆಯ ಮಾನ. ಅಂತರಜಾಲದಲ್ಲಿ ಸಾಗುವ ಗುಪ್ತ ಸಂದೇಶಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನೇ ನೋಡಿರಿ. 2014ರ ಏಪ್ರಿಲ್‌ನಲ್ಲಿ ಅದರೊಳಗಿನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಹೊರಗಿನವರು ಕೇಳಿದಷ್ಟು ಉದ್ದದ ಉತ್ತರವನ್ನು ಪರೀಕ್ಷಿಸದೆ ಕೊಡುವಾಗ, ಸರ್ವರ್ ತನ್ನ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಎರಡು ವರ್ಷ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಜಗತ್ತಿನ ಅಸಂಖ್ಯ ಸರ್ವರ್‌ಗಳು ಆಶ್ರಯಿಸಿದ್ದ ಆ ಯೋಜನೆಗೆ ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು!

ಗಾತ್ರವನ್ನು ಅಳೆಯೋಣವೆಂದರೆ ಅದೂ ನೆಚ್ಚತಕ್ಕದ್ದಲ್ಲ. 2016ರ ಮಾರ್ಚಿಯಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ಅವಲಂಬಿಸಿದ್ದ ಸಾವಿರಾರು ಯೋಜನೆಗಳ ಕೆಲಸ ತಡೆಯಿತು. ತಿದ್ದುಪಡಿಗಳ ಎಣಿಕೆಯಂತೂ ಕೇವಲ ಅಭ್ಯಾಸಬಲ: ಒಬ್ಬನು ಒಮ್ಮೆಲೇ ದಾಖಲಿಸುವ ಕೆಲಸವನ್ನು ಮತ್ತೊಬ್ಬನು ಹತ್ತು ಕಂತಿನಲ್ಲಿ ದಾಖಲಿಸುತ್ತಾನೆ.

ಹೊಸಬರಿಗೆ ಶ್ರೇಣಿಪಟ್ಟಿ ಒಂದು ದಾರಿದೀಪವೆಂಬ ವಾದವನ್ನು ನಾನು ಅಲ್ಲಗಳೆಯೆನು. ಆದರೆ ನೆರವೂ ಹಣವೂ ಹುರುಪಿನ ತರುಣರೂ ಪಟ್ಟಿಯ ತುದಿಗೇ ಹರಿದುಹೋದರೆ, ಭಾರ ಹೊತ್ತವರಿಗೆ ಉಳಿಯುವುದೇನು? ಆಲೇಖದ ಅಳತೆಯೂ ಇದಕ್ಕೆ ಒತ್ತಾಸೆಯಾಗುತ್ತದೆ. ಲಕ್ಷ ನಕ್ಷತ್ರಗಳಿಗೆ ಹತ್ತು ಸೆಂಟಿಮೀಟರಿನ ಸ್ತಂಭವಾದರೆ ಐನೂರಕ್ಕೆ ಸಿಗುವುದು ಅರ್ಧ ಮಿಲಿಮೀಟರು. ಅದು ಕಣ್ಣಿಗೇ ಬೀಳದು. ಮೆಟ್ಟಿಲಿಗೆ ಹತ್ತರಷ್ಟು ಏರುವ ಲಾಗರಿದಮ್ ಮಾನದಲ್ಲಿ ಒಂದರಿಂದ ಆರಂಭಿಸಿ ಗುರುತಿಸಿದರೆ, ಅದೇ ಐನೂರು ಸುಮಾರು ಐದೂವರೆ ಸೆಂಟಿಮೀಟರಿನ ಎತ್ತರದಲ್ಲಿ ನಿಲ್ಲುತ್ತದೆ.

ಇಂಥ ಆಲೇಖವನ್ನು ರಚಿಸುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟೆ. ಒಂದು ಯೋಜನೆಯನ್ನು ಎಷ್ಟು ಯೋಜನೆಗಳು ಅವಲಂಬಿಸಿವೆ, ಅದನ್ನು ಎಷ್ಟು ಜನ ನೋಡಿಕೊಳ್ಳುತ್ತಿದ್ದಾರೆ ಎಂಬ ಎರಡು ಸಂಖ್ಯೆಗಳನ್ನು ನಕ್ಷತ್ರಗಳ ಪಕ್ಕದಲ್ಲಿಯೇ ಕೊಡಿರಿ. ಎಲ್ಲವನ್ನೂ ಕಲೆಸಿ ಒಂದೇ ಅಂಕವನ್ನಾಗಿ ಮಾಡದಿರಿ. ಕಿಲೋಗ್ರಾಮಿಗೆ ಮೀಟರನ್ನು ಕೂಡಿಸಲು ನಿಮ್ಮ ಅಧ್ಯಾಪಕರು ಬಿಡುತ್ತಿದ್ದರೇ? ಮೊದಲನೆಯ ಸಂಖ್ಯೆ ದೊಡ್ಡದಾಗಿ ಎರಡನೆಯದು ಒಂದೇ ಆಗಿರುವ ಯೋಜನೆಗಳಿಗೆ ಕೆಂಪು ಬಣ್ಣ ಹಚ್ಚಿರಿ.