ಮದುವೆ ಮನೆಯ ಗುಂಡಿ, ಕೇರಿಯ ಹುಡುಗ

ಚಪ್ಪರ ಹಾಕುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ. ಅದನ್ನು ಯಾವ ಪುರೋಹಿತನೂ ಕೇಳುವುದಿಲ್ಲ. ಯಾವ ಲಗ್ನಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಬಂದ ಇನ್ನೂರು ಜನ ಉಂಡ ಅನ್ನ ಮಾರನೇ ದಿನ ಬೆಳಿಗ್ಗೆ ಎಲ್ಲಿಗೆ ಹೋಗುತ್ತದೆ?

ನಗಬೇಡಿ. ಈ ದೇಶದಲ್ಲಿ ಬಾಯಿಗೆ ಹೋಗುವ ಅನ್ನದ ಬಗ್ಗೆ ಶಾಸ್ತ್ರಗಳಿವೆ, ಮಡಿ ಇದೆ, ಪಂಕ್ತಿ ಇದೆ, ಯಾರು ಬಡಿಸಬೇಕು ಯಾರು ಮುಟ್ಟಬಾರದು ಅನ್ನುವ ಕಟ್ಟಳೆ ಇದೆ. ಅದೇ ಅನ್ನ ಹೊಟ್ಟೆಯಿಂದ ಇಳಿದ ಮೇಲೆ ಅದಕ್ಕೆ ಒಂದೇ ಶಾಸ್ತ್ರ: ಕೇರಿಯಿಂದ ಯಾರನ್ನಾದರೂ ಕರೆಸು.

ಆ ಮಾತು ಹೇಗೆ ಬರುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಗೊತ್ತು. ಧಾರೆ ಮುಗಿದಿದೆ, ಬೀಗರು ಇನ್ನೂ ಹೊರಟಿಲ್ಲ, ಹಿತ್ತಲಲ್ಲಿ ನಾತ ಎದ್ದಿದೆ, ಕಮೋಡಿನಲ್ಲಿ ನೀರು ಮೇಲೆ ಬರುತ್ತಿದೆ. ಯಜಮಾನ ಶಲ್ಯ ಸರಿಮಾಡಿಕೊಂಡು ಹಿತ್ತಲ ಬಾಗಿಲಿಗೆ ಬಂದು ಆಳಿಗೆ ಹೇಳುತ್ತಾನೆ: 'ಏಯ್, ಗುಂಡಿ ಕಟ್ಕಂಡದೆ ಕಣ್ಲಾ. ಕೇರಿಂದ ಯಾವನ್ನಾದ್ರೂ ಕರ್ಕಂಡ್ ಬಾ ಹೋಗು. ಐನೂರು ಕೊಡ್ತೀನಿ ಅನ್ನು, ಬೇಕಾದ್ರೆ ಒಂದ್ ಕ್ವಾಟ್ರು ಕೊಡ್ಸು.' ಬೆಳಿಗ್ಗೆ ಊಟದ ಪಂಕ್ತಿಯಲ್ಲಿ ಜಾಗ ಸಿಗದಿದ್ದ ಹುಡುಗನಿಗೆ ರಾತ್ರಿ ಆ ಮನೆಯಲ್ಲಿ ಜಾಗ ಸಿಗುತ್ತದೆ. ಎಲ್ಲಿ? ಸೆಪ್ಟಿಕ್ ಟ್ಯಾಂಕಿನ ಒಳಗೆ.

ಸೆಪ್ಟಿಕ್ ಟ್ಯಾಂಕನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ಹೋರಾಟಗಾರರ ಪತ್ರಿಕೆಯಲ್ಲಿ ಬರೆಯುವ ವಿಷಯವೇ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಇದು ಪ್ಲಂಬರಿನ ಕೆಲಸ ಅನ್ನಬಹುದು. ಸ್ವಾಮೀ, ಪ್ಲಂಬರು ಬರುವುದು ನಲ್ಲಿಗೆ. ಗುಂಡಿಗೆ ಬರುವವನು ಯಾವ ಜಾತಿಯವನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಾತಿ ಅನ್ನುವುದು ನಮ್ಮ ಮನೆಗಳ ಪ್ಲಾನಿನಲ್ಲಿ ಬರೆಯದೇ ಬಿಟ್ಟಿರುವ ಒಂದು ಪೈಪು. ಎಲ್ಲ ಕಟ್ಟಿಕೊಂಡಾಗ ಆ ಪೈಪು ಇದ್ದೇ ಇದೆ ಅನ್ನುವ ಧೈರ್ಯದಲ್ಲೇ ಜನ ಟ್ಯಾಂಕನ್ನು ಕಟ್ಟುತ್ತಾರೆ, ಮುಚ್ಚುತ್ತಾರೆ, ಮರೆಯುತ್ತಾರೆ.

ಮೊದಲು ಅದರೊಳಗೆ ಏನಾಗುತ್ತದೆ ಅಂತ ನೋಡೋಣ. ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಟ್ಯಾಂಕಿಗೆ ಬಿದ್ದದ್ದರಲ್ಲಿ ಭಾರವಾದದ್ದು ತಳಕ್ಕೆ ಕೂತು ಮಡ್ಡಿಯಾಗುತ್ತದೆ. ಎಣ್ಣೆ ಜಿಡ್ಡು ಮೇಲೆ ತೇಲಿ ಕೆನೆಯಂತೆ ಕಟ್ಟುತ್ತದೆ. ನಡುವೆ ಉಳಿದ ನೀರು ಮಾತ್ರ ಮೆಲ್ಲಗೆ ಹೊರಗಿನ ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಮಡ್ಡಿಯನ್ನು ನಿಧಾನವಾಗಿ ಅರಗಿಸುತ್ತವೆ. ಇಷ್ಟೇ. ಈ ಕೆಲಸಕ್ಕೆ ಬೇಕಾದದ್ದು ನಿಂತ ನೀರು ಮತ್ತು ಸಮಯ. ನೀರು ಸುಮಾರು ಒಂದು ದಿನವಾದರೂ ಒಳಗೆ ನಿಲ್ಲಬೇಕು.

ಐದು ಜನರ ಮನೆಗೆ ಭಾರತೀಯ ಮಾನಕ ಸಂಹಿತೆ 2470 ಹೇಳುವ ಟ್ಯಾಂಕಿನ ಅಳತೆ ಹೀಗಿದೆ: ಉದ್ದ 1.5 ಮೀಟರ್, ಅಗಲ 0.75 ಮೀಟರ್, ನೀರಿನ ಆಳ ಹೆಚ್ಚುಕಡಿಮೆ 1 ಮೀಟರ್. ಅಂದರೆ ಒಂದು ಸಾವಿರದ ನೂರು ಲೀಟರ್ ಚಿಲ್ಲರೆ. ಅದರಲ್ಲೂ ತಳದ ಮಡ್ಡಿ ಜಾಗ ತಿಂದಿರುತ್ತದೆ. ಈಗ ಮದುವೆ ಮನೆಯ ಲೆಕ್ಕ ಹಾಕಿ. ನೂರು ಜನ, ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಆರು ಲೀಟರ್ ಅಂದರೂ ಸಾವಿರದ ಎಂಟುನೂರು ಲೀಟರ್. ಸ್ನಾನದ ನೀರು, ಕೊಪ್ಪರಿಗೆ ತೊಳೆದ ನೀರು ಬೇರೆ. ನೀರು ನಿಲ್ಲುವುದೆಲ್ಲಿಂದ ಬಂತು? ಅದು ಹೊಳೆಯಂತೆ ನುಗ್ಗಿ ತಳದ ಮಡ್ಡಿಯನ್ನು ಕಲಕಿ, ಅರಗದ ಹೇಲನ್ನೇ ಹೊತ್ತುಕೊಂಡು ಇಂಗುಗುಂಡಿಗೆ ಹೋಗುತ್ತದೆ. ಇಂಗುಗುಂಡಿಯ ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಟ್ಯಾಂಕಿನ ಮಡ್ಡಿಯನ್ನು ಹೀರಿ ತೆಗೆಯಬಹುದು, ಕಟ್ಟಿಕೊಂಡ ಮಣ್ಣನ್ನು ತೆರೆಯುವುದು ಕಷ್ಟ. ಮದುವೆ ಮುಗಿದು ಆರು ತಿಂಗಳಾದ ಮೇಲೆ ಹಿತ್ತಲಲ್ಲಿ ಒದ್ದೆ ಕಂಡು 'ಗುಂಡಿ ಯಾಕೋ ಕೆಟ್ಟೋಯ್ತು' ಅನ್ನುವವರು ತಾವು ಕೊಟ್ಟ ಊಟದ ನೆನಪು ಮಾಡಿಕೊಳ್ಳಲಿ.

ಇನ್ನು ನಮ್ಮ ಎಷ್ಟೋ ಊರುಗಳಲ್ಲಿ ಟ್ಯಾಂಕು ಅನ್ನುವುದು ಹೆಸರಿಗೆ ಮಾತ್ರ. ಸಿಮೆಂಟ್ ಬಳೆ ಇಳಿಸಿದ ಹದಿನೈದು ಅಡಿ ಗುಂಡಿ, ಮೇಲೊಂದು ಚಪ್ಪಡಿ. 'ಇಪ್ಪತ್ತು ವರ್ಷ ತುಂಬಲ್ಲ ಬಿಡಿ' ಅಂತ ಮೇಸ್ತ್ರಿ ಹೇಳಿ ಹೋಗಿರುತ್ತಾನೆ. ಆಳ ಹೆಚ್ಚಿದಷ್ಟೂ ಯಜಮಾನನ ನೆಮ್ಮದಿ ಹೆಚ್ಚು, ಇಳಿಯುವವನ ಸಾವು ಹತ್ತಿರ. ಅದಕ್ಕಿಂತ ಸರ್ಕಾರವೇ ಹೇಳುವ ಎರಡು ಆಳವಿಲ್ಲದ ಗುಂಡಿಗಳ ಪದ್ಧತಿ ಎಷ್ಟೋ ಮೇಲು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ ಒಂದೆರಡು ವರ್ಷ ಬಿಟ್ಟರೆ ಮೊದಲನೆಯದು ಗೊಬ್ಬರವಾಗಿರುತ್ತದೆ. ಆದರೆ ಅದರಲ್ಲಿ ಗೊಬ್ಬರ ತೋಡುವ ಕೆಲಸವನ್ನು ಮನೆಯವರೇ ಮಾಡಬೇಕು. ಅದಕ್ಕೇ ಅದು ಜನಕ್ಕೆ ಹಿಡಿಸುವುದಿಲ್ಲ.

ಈಗ ಸಾವಿನ ಮಾತು. ಮಡ್ಡಿ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಮೀಥೇನ್ ಹುಟ್ಟುತ್ತದೆ. ಮೊದಲನೆಯದು ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಅದು ಮೂಗನ್ನೇ ಕೊಲ್ಲುತ್ತದೆ. ನಾತ ಹೋಯಿತು, ಗಾಳಿ ಆಡಿತು ಅಂದುಕೊಂಡವನು ಆ ಕ್ಷಣದಲ್ಲೇ ಸಾಯುತ್ತಿರುತ್ತಾನೆ. ಮಡ್ಡಿ ಕಲಕಿದಾಗ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಏಳುತ್ತದೆ. ದೀಪ ಇಳಿಸಿ ನೋಡಿದೆವು, ಆರಲಿಲ್ಲ ಅನ್ನುತ್ತಾರಲ್ಲ, ಅದು ಪರೀಕ್ಷೆಯೇ ಅಲ್ಲ. ದೀಪ ಉರಿಯುವಷ್ಟು ಗಾಳಿ ಇರುವಲ್ಲೂ ಈ ವಿಷ ಆಳನ್ನು ಕೆಡವುತ್ತದೆ, ಮೀಥೇನ್ ಇದ್ದರಂತೂ ಬೆಂಕಿಯೇ ಹತ್ತುತ್ತದೆ. ಇಳಿದವನು ಬಿದ್ದ. ಅವನನ್ನು ಎತ್ತಲು ಅಣ್ಣ ಇಳಿದ. ಅವನೂ ಬಿದ್ದ. ಈ ದೇಶದ ಪತ್ರಿಕೆಗಳಲ್ಲಿ ಒಂದೇ ಗುಂಡಿಯ ಸುದ್ದಿಯಲ್ಲಿ ಎರಡು, ಮೂರು ಹೆಸರು ಬರುವುದು ಇದಕ್ಕೇ. ಕ್ವಾಟ್ರು ಕುಡಿಸುವುದು ಧೈರ್ಯಕ್ಕೆ ಅಂತಾರೆ. ಆ ಧೈರ್ಯ ಯಜಮಾನನಿಗೇ ಇರಲಿ, ಅವನೇ ಕುಡಿದು ಇಳಿಯಲಿ.

ಕಾನೂನಿಲ್ಲವೇ? ಇದೆ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ಎಪ್ಪತ್ತರ ದಶಕದಲ್ಲೇ ಈ ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯಿದೆ ಬಂತು, 2013ರಲ್ಲಿ ಇನ್ನೊಂದು ಬಂತು. ಈ 2013ರ ಕಾಯಿದೆಯ ಏಳನೇ ಕಲಮನ್ನು ಪ್ರತಿ ಮದುವೆ ಮನೆಯ ಬಾಗಿಲಿಗೆ ಅಂಟಿಸಬೇಕು. ರಕ್ಷಣಾ ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವಂತಿಲ್ಲ. ಪುರಸಭೆಗಷ್ಟೇ ಅಲ್ಲ, 'ಯಾವ ವ್ಯಕ್ತಿಯೂ' ಅಂತ ಇದೆ. ಅಂದರೆ ಮನೆ ಯಜಮಾನನೂ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಜಾಮೀನಿಲ್ಲದ ಅಪರಾಧ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಕಾಯಿದೆಯ ಕಾಗದ ಹೀಗಿದ್ದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತರು. ಆಗಲೇ ರಾಜ್ಯಕ್ಕೆ ಅವರ ಮುಖ ಕಂಡದ್ದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನೇ ಶೌಚಗುಂಡಿಗೆ ಇಳಿಸಿದ ವಿಡಿಯೋ ಹೊರಬಂತು. ದಲಿತ ಮಕ್ಕಳನ್ನು. ಓದಲು ಬಂದ ಮಕ್ಕಳನ್ನು. ಮೇಷ್ಟ್ರೇ, ನಿಮ್ಮ ಶಾಲೆಯ ಟ್ಯಾಂಕು ಎಷ್ಟು ಜನಕ್ಕೆ ಕಟ್ಟಿದ್ದು, ಈಗ ಎಷ್ಟು ಮಕ್ಕಳಿದ್ದಾರೆ, ಕೊನೆಗೆ ಯಾವಾಗ ಖಾಲಿ ಮಾಡಿಸಿದ್ದು? ವಾರ್ಷಿಕೋತ್ಸವಕ್ಕೆ ಮುಂಚೆ ಬಣ್ಣದ ಕಾಗದ ಕಟ್ಟುವ ಸಭೆಯಲ್ಲಿ ಈ ಮೂರು ಪ್ರಶ್ನೆ ಕೇಳಿ. ಯಾರ ಮುಖ ಕಪ್ಪಾಗುತ್ತದೋ ನೋಡಿಕೊಳ್ಳಿ.

ಹಾಗಾದರೆ ಮಾಡುವುದೇನು? ಮಾಡುವುದು ಬಹಳ ಸುಲಭ. ಅದಕ್ಕೇ ಮಾಡದಿರುವುದು ಅಪರಾಧ.

ಮದುವೆಯೋ ಜಾತ್ರೆಯೋ ಗೃಹಪ್ರವೇಶವೋ, ದಿನ ಗೊತ್ತಾದ ಕೂಡಲೇ ಟ್ಯಾಂಕಿನ ಮಡ್ಡಿ ಎಷ್ಟಿದೆ ನೋಡಬೇಕು. ಉದ್ದನೆಯ ಕೋಲಿಗೆ ಹಳೇ ಬಿಳಿ ಬಟ್ಟೆ ಸುತ್ತಿ ತಳ ಮುಟ್ಟುವಂತೆ ಇಳಿಸಿ ಎತ್ತಿದರೆ ಮಡ್ಡಿಯ ಗುರುತು ಬಟ್ಟೆಯ ಮೇಲೆ ಕಾಣುತ್ತದೆ. ಬಾಯಿಯ ಮೇಲೆ ಬಗ್ಗಬಾರದು, ಹತ್ತಿರ ಬೀಡಿ ಹಚ್ಚಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ನೋಡಿದ ಕೂಡಲೇ ಮುಚ್ಚಬೇಕು. ಆ ಕೋಲು ಹಿಡಿಯುವ ಕೈ ಮನೆ ಯಜಮಾನನದೇ ಆಗಿರಲಿ. ಮೈಲಿಗೆ ಆದರೆ ಸ್ನಾನ ಮಾಡಲಿ, ನೀರಿಗೇನು ಬರ. ನೀರಿನಾಳದ ಮೂರರಲ್ಲಿ ಒಂದು ಪಾಲು ಮಡ್ಡಿ ಇದ್ದರೆ, ಇಲ್ಲವೇ ಖಾಲಿ ಮಾಡಿಸಿ ಎರಡು ಮೂರು ವರ್ಷವಾಗಿದ್ದರೆ, ಕಾರ್ಯಕ್ಕೆ ಎರಡು ವಾರ ಮುಂಚೆಯೇ ಹೀರುವ ಯಂತ್ರದ ಗಾಡಿ ಕರೆಸಬೇಕು. ಹಿಂದಿನ ರಾತ್ರಿ ಗಾಡಿ ಸಿಗುವುದಿಲ್ಲ. ಗಾಡಿ ಸಿಗದಾಗಲೇ ಮನುಷ್ಯನ ನೆನಪಾಗುವುದು.

ಕಾರ್ಯದ ದಿನ ನೀರನ್ನು ಬೇರೆ ಮಾಡಿ. ಸ್ನಾನದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಟ್ಯಾಂಕಿಗೆ ಹೋಗಲೇಬೇಕು ಅಂತ ಯಾವ ಋಷಿಯೂ ಬರೆದಿಲ್ಲ. ಬಾಳೆ ಬುಡಕ್ಕೆ, ತೆಂಗಿನ ಬುಡಕ್ಕೆ ಕಾಲುವೆ ಎಳೆಯಿರಿ. ಸೋರುವ ನಲ್ಲಿ ಸರಿಮಾಡಿಸಿ. ಮಾಳಿಗೆಯ ಮಳೆನೀರು ಇಂಗುಗುಂಡಿಯ ಕಡೆ ಹರಿಯದಂತೆ ನೋಡಿ. ಕರಿದ ಎಣ್ಣೆ, ಅನ್ನದ ಗಂಜಿ ಟಾಯ್ಲೆಟ್ಟಿಗೆ ಸುರಿಯುವ ಅಡಿಗೆ ಭಟ್ಟರಿದ್ದಾರೆ, ಅವರಿಗೆ ಮೊದಲೇ ಹೇಳಿ. ಟ್ಯಾಂಕಿನ ಮೇಲೆ ಶಾಮಿಯಾನದ ಕಂಬ ನೆಡಬೇಡಿ, ಇಂಗುಗುಂಡಿಯ ಮೇಲೆ ಕಾರು ನಿಲ್ಲಿಸಬೇಡಿ. ನಾತಕ್ಕೆ ಹೆದರಿ ಬಾಟಲಿಗಟ್ಟಲೆ ಫಿನಾಯಿಲು, ಆಸಿಡ್ಡು ಸುರಿದರೆ ಒಳಗೆ ಕೆಲಸ ಮಾಡುವ ಜೀವಿಗಳೇ ಸಾಯುತ್ತವೆ. ಇನ್ನು ಅಂಗಡಿಯಲ್ಲಿ ಮಾರುವ ಪುಡಿ ಹಾಕಿದರೆ ಗುಂಡಿ ತಾನೇ ಖಾಲಿಯಾಗುತ್ತದೆ ಅನ್ನುವುದು ವಿಭೂತಿ ಮಾರುವವನ ಮಾತಿನಷ್ಟೇ ನಿಜ.

ಇನ್ನೊಂದು ಮಾತು, ಗಂಡಸರು ಬರೆಯಲು ನಾಚುವ ಮಾತು. ಬಂದ ಹೆಂಗಸರಲ್ಲಿ ಕೆಲವರು ಮುಟ್ಟಾಗಿರುತ್ತಾರೆ. ಅವರಿಗೆ ಪ್ಯಾಡು ಹಾಕಲು ಮುಚ್ಚಳದ ಒಂದು ಡಬ್ಬ ಇಡುವ ಬುದ್ಧಿ ಯಾವ ಮದುವೆ ಮನೆಗೂ ಇಲ್ಲ. ಯಾರಿಗೂ ಕಾಣಬಾರದು, ಯಾರಿಗೂ ಹೇಳಬಾರದು ಅಂತ ಕಲಿಸಿದ ಮೇಲೆ ಅವರು ಅದನ್ನು ಕಮೋಡಿಗೆ ಹಾಕದೆ ಎಲ್ಲಿ ಹಾಕಬೇಕು? ಪ್ಯಾಡು ಕರಗುವುದಿಲ್ಲ, ಪೈಪಿನಲ್ಲಿ ಊದಿ ಕೂರುತ್ತದೆ. ಅದನ್ನು ಬರಿಗೈಲಿ ಎಳೆಯುವವನು ಮತ್ತೆ ಕೇರಿಯವನೇ. ಹೆಣ್ಣಿನ ಮೇಲೆ ಹೇರಿದ ನಾಚಿಕೆ ದಲಿತನ ಕೈಗೆ ಹೋಗಿ ಸೇರುವ ದಾರಿ ಇದು.

ಯಂತ್ರ ಬಂದರೆ ಎಲ್ಲ ಮುಗಿಯಿತು ಅಂತಲೂ ತಿಳಿಯಬೇಡಿ. ಆ ಗಾಡಿಯ ಪೈಪು ಹಿಡಿಯುವವರಲ್ಲೂ ನಮ್ಮವರೇ ಹೆಚ್ಚು. ಅವರಿಗೆ ಗ್ಲೌಸು, ಬೂಟು ಇದೆಯೇ ಕೇಳಿ. ತಳದಲ್ಲಿ ಉಳಿದ ಸ್ವಲ್ಪ ಮಡ್ಡಿಗೆ 'ಒಂದ್ ಸಲ ಇಳ್ದು ಕೆರ್ದ್ಬುಡಪ್ಪ' ಅನ್ನಬೇಡಿ, ಆ ಸ್ವಲ್ಪ ಉಳಿದರೇ ಟ್ಯಾಂಕಿಗೆ ಒಳ್ಳೆಯದು, ಹೆಪ್ಪಿಗೆ ಮಜ್ಜಿಗೆ ಇದ್ದಂತೆ. ಟೀ ಕೊಟ್ಟರೆ ಮನೆಯ ಲೋಟದಲ್ಲೇ ಕೊಡಿ. ಹೀರಿದ್ದನ್ನು ಎಲ್ಲಿ ಸುರಿಯುತ್ತೀರಿ ಅಂತಲೂ ಕೇಳಿ. ಎಷ್ಟೋ ಕಡೆ ಅದು ಊರಾಚೆಯ ಹಳ್ಳಕ್ಕೆ ಬೀಳುತ್ತದೆ, ಊರಾಚೆ ಯಾರ ಮನೆಗಳಿವೆ ಅಂತ ಹೇಳಬೇಕಾಗಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಈ ಮಲವನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ಅಲ್ಲಿ ಆದದ್ದು ನಿಮ್ಮ ತಾಲ್ಲೂಕಿನಲ್ಲಿ ಯಾಕೆ ಆಗಬಾರದು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಪಂಚಾಯ್ತಿಗಳು ಸೇರಿ ಒಂದು ಗಾಡಿ ಇಡಲಿ. ಜಾತ್ರೆಗೆ ತೇರು ಎಳೆಯಲು ಹಗ್ಗ ಕೊಳ್ಳುವ ಊರಿಗೆ ಇದಕ್ಕೂ ದುಡ್ಡು ಹುಟ್ಟುತ್ತದೆ.

ಕೇರಿಯ ಹುಡುಗರಿಗೆ ಒಂದು ಮಾತು. ರಾತ್ರಿ ಬಾಗಿಲು ತಟ್ಟಿ ಕರೆದರೆ ಹೋಗಬೇಡಿ. ಐನೂರಲ್ಲ, ಐದು ಸಾವಿರ ಅಂದರೂ ಹೋಗಬೇಡಿ. ಸಾಲದ ಮಾತು ತೆಗೆದು ಹೆದರಿಸಿದರೆ ಸಂಘಕ್ಕೆ ಬನ್ನಿ, ಎಲ್ಲರೂ ಕೂಡಿ ಠಾಣೆಗೆ ಹೋಗೋಣ, 2013ರ ಕಾಯಿದೆ ಜೊತೆಗೆ ದೌರ್ಜನ್ಯ ತಡೆ ಕಾಯಿದೆಯನ್ನೂ ಬರೆಸೋಣ. ಯಜಮಾನರಿಗೆ ಹೇಳುವುದೂ ಇಷ್ಟೇ: ಮದುವೆ ರಾತ್ರಿ ಗುಂಡಿ ಉಕ್ಕಿದರೆ ಕಕ್ಕಸಿಗೆ ಬೀಗ ಹಾಕಿ. ನೀರು ನಿಲ್ಲಿಸಿ. ಗಾಡಿ ಬರುವ ತನಕ ಬೀಗರನ್ನು ನೆರೆಮನೆಗಳಿಗೆ ಕಳಿಸಿ, ಅವರು ಚೊಂಬು ಹಿಡಿದು ಸಾಲಿನಲ್ಲಿ ನಿಲ್ಲಲಿ.