ಪುಸ್ತಕ ಕಪಾಟಿನಲ್ಲಿ, ಕಲ್ಲು ಕೆರೆ ಏರಿಯಲ್ಲಿ

ಹಳೇ ಪುಸ್ತಕ ಕೂಡಿಡುವ ಚಟ ನಮ್ಮ ಬ್ಲಾಗಿಗರಲ್ಲಿ ಬಹಳ ಜನಕ್ಕಿದೆ. ಒಬ್ಬರಿಗೆ ಹಳೇ ಚಂದಮಾಮ ಬೇಕು, ಇನ್ನೊಬ್ಬರಿಗೆ ಮೊದಲ ಮುದ್ರಣದ ಕಾದಂಬರಿ. ನನ್ನ ಚಟ ಸ್ವಲ್ಪ ವಿಚಿತ್ರ. ನಮ್ಮ ಹಾಸನ ಸೀಮೆಯ ಪಾಳೇಗಾರರು, ಗಡಿ ಜಗಳ, ತುರುಗೋಳು, ಕೋಟೆ, ಇವುಗಳ ಜೊತೆಗೆ ಕುದುರೆ. ಈ ಐದರಲ್ಲಿ ಯಾವುದರ ಬಗ್ಗೆ ಹಳೇ ಪುಸ್ತಕ ಸಿಕ್ಕರೂ ಕೊಂಡುಬಿಡ್ತೀನಿ. ವಾರವೆಲ್ಲಾ ಕೋಡ್ ಬರೆದು ಶನಿವಾರ ಅವೆನ್ಯೂ ರೋಡಿನ ಧೂಳು ಕುಡಿಯೋದು ನನಗೆ ತೀರ್ಥಯಾತ್ರೆ ಇದ್ದ ಹಾಗೆ :-)

ಈ ಚಟದವರಿಗೇ ನಾನು ಇವತ್ತು ಒಂದು ಮಾತು ಹೇಳಬೇಕು. ಸ್ವಲ್ಪ ಖಾರವಾಗಿದ್ದರೆ ಬೇಜಾರು ಮಾಡ್ಕೋಬೇಡಿ. ಈ ಥರದ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರ್ ಹಾಕಿ ಬೆಂಗಳೂರಿನ ಕಪಾಟಿನಲ್ಲಿ ಇಟ್ಟುಕೊಂಡರೆ ಅರ್ಧ ಬೆಲೆ ಅಲ್ಲೇ ಸತ್ತುಹೋಗುತ್ತೆ. ಅವು ಊರಿನ ಲೆಕ್ಕದ ಪುಸ್ತಕಗಳು. ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿ ಲೆಕ್ಕ ತಾಳೆ ನೋಡಿಕೊಂಡು ಬರಬೇಕು.

ಯಾಕೆ ಅಂತ ಹೇಳ್ತೀನಿ.

ಮೊದಲು ಗಡಿಯ ಮಾತು. ಇವತ್ತು ಹಾಸನದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು ಅಂದರೆ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ನಾಲ್ಕು ನೂರು ವರ್ಷದ ಹಿಂದೆ ಅದು ಒಬ್ಬನ ರಾಜ್ಯದಿಂದ ಇನ್ನೊಬ್ಬನ ರಾಜ್ಯಕ್ಕೆ ಹೋಗುವ ದಾರಿ. ಪೂರ್ವದಲ್ಲಿ ಬೆಳೀತಾ ಇದ್ದ ಮೈಸೂರು, ಪಶ್ಚಿಮದಲ್ಲಿ ಬೇಲೂರು-ಐಗೂರಿನ ನಾಯಕರು, ಅವರ ಆಚೆ ಕೆಳದಿ. ನಡುವೆ ಸಿಕ್ಕಿಕೊಂಡಿದ್ದು ನಮ್ಮೂರುಗಳು. ಗೆಜೆಟಿಯರ್ ಹೇಳುವ ಕಥೆ ನೋಡಿ: ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರು ಅಂತ ಹೆಸರಿತ್ತಂತೆ. ಹೊಳೆನರಸೀಪುರದ ಪಾಳೇಗಾರ ಲಕ್ಷ್ಮಪ್ಪ ನಾಯಕ ಅದನ್ನು ಗೆದ್ದು, ತನ್ನ ಮಗ ಚನ್ನರಾಯನಿಗೆ ಕೊಟ್ಟು, ಅವನ ಹೆಸರನ್ನೇ ಇಟ್ಟನಂತೆ. ಆ ಸಂಭ್ರಮ ಹೆಚ್ಚು ಕಾಲ ನಡೀಲಿಲ್ಲ. 1633ರ ಸುಮಾರಿಗೆ ಚನ್ನರಾಯಪಟ್ಟಣ ಮೈಸೂರಿನ ಪಾಲಾಯ್ತು. 1667ರ ಹೊತ್ತಿಗೆ ಹೊಳೆನರಸೀಪುರವೂ ಹೋಯ್ತು. 1694ರ ಹೊತ್ತಿಗೆ ಹಾಸನ, ಅರಕಲಗೂಡು ಎರಡೂ ಚಿಕ್ಕದೇವರಾಜ ಒಡೆಯರ ಕೈಸೇರಿದ್ದವು. ಅರವತ್ತು ವರ್ಷದಲ್ಲಿ ಗಡಿ ನಮ್ಮ ಮನೆ ಅಂಗಳ ದಾಟಿಕೊಂಡು ಘಟ್ಟದ ಕಡೆಗೆ ನಡೆದುಹೋಯ್ತು!

ಇನ್ನು ಕುದುರೆ. ಗಡಿ ಇದ್ದ ಕಡೆ ಕುದುರೆ ಇರಲೇಬೇಕು. ಆದರೆ ದಕ್ಷಿಣದಲ್ಲಿ ಒಳ್ಳೇ ಕುದುರೆ ಹುಟ್ಟೋದು ಕಷ್ಟ ಅಂತ ಅರಬ್ ಕುದುರೆಗಳನ್ನು ಹಡಗಿನಲ್ಲಿ ತರಿಸೋರು. ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನು ಸಾಕೋದು ಹೇಗೆ, ಕಾಯಿಲೆ ಬಂದರೆ ಏನು ಮಾಡೋದು ಅಂತ ಶಾಸ್ತ್ರಗಳೂ ಹುಟ್ಟಿಕೊಂಡವು. ಕನ್ನಡದಲ್ಲೇ ಕೀರ್ತಿವರ್ಮನ 'ಗೋವೈದ್ಯ' ಇದೆ, ಆಮೇಲೆ ಬಂದ ಅಭಿನವಚಂದ್ರನ 'ಅಶ್ವವೈದ್ಯ' ಇದೆ. ಸಂಸ್ಕೃತದಲ್ಲಿ ಬರೆದರೂ ನಮ್ಮವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಕುದುರೆ ಮೇಲೆ ಕೂತು ಚೆಂಡಾಡುವ ಆಟವನ್ನು ವಿವರವಾಗಿ ಹೇಳಿದ್ದಾನೆ. ಹೌದು, ಇವತ್ತಿನ ಪೋಲೋ ಥರದ ಆಟ.

'ಮಾನಸೋಲ್ಲಾಸ'ಕ್ಕಿಂತ ಹಳೇ ಸಾಕ್ಷಿ ಬೇಕಾದರೆ ಎಲ್ಲೂ ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಎಲ್ಲರೂ ಗೊಮ್ಮಟನನ್ನು ನೋಡೋಕೆ ದೊಡ್ಡ ಬೆಟ್ಟ ಹತ್ತುತ್ತಾರೆ. ನೀವು ಎದುರಿಗಿರುವ ಚಿಕ್ಕ ಬೆಟ್ಟ ಹತ್ತಿ. ಅಲ್ಲಿ ಗಂಧವಾರಣ ಬಸದಿಯ ಹತ್ತಿರದ ಕಂಬದ ಮೇಲೆ ರಾಷ್ಟ್ರಕೂಟ ವಂಶದ ಕೊನೆಯ ಕುಡಿ ಇಂದ್ರರಾಜನ ಶಾಸನವಿದೆ. ಅವನು ಮೂರನೇ ಕೃಷ್ಣನ ಮೊಮ್ಮಗ. ರಾಜ್ಯ ಕೈತಪ್ಪಿತ್ತು, ಅದನ್ನು ಮತ್ತೆ ಕಟ್ಟಿಕೊಡೋಕೆ ಗಂಗರು ಮಾಡಿದ ಪ್ರಯತ್ನ ಫಲಿಸಲಿಲ್ಲ. ಕೊನೆಗೆ 982ರಲ್ಲಿ ಈ ಬೆಟ್ಟದ ಮೇಲೆ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಅವನ ನೆನಪಿಗೆ ಕೆತ್ತಿಸಿದ ಶಾಸನ ಬರೀ ವೈರಾಗ್ಯದ್ದೇ ಇರುತ್ತೆ ಅಂದುಕೊಂಡಿರಾ? ಕುದುರೆ ಏರಿ ಚೆಂಡಾಡೋದರಲ್ಲಿ ಅವನೆಂಥ ಜಾಣ, ಹೇಗೆಲ್ಲಾ ತಿರುಗಿಸಿ ಹೊಡೆಯುತ್ತಿದ್ದ ಅನ್ನೋದಕ್ಕೇ ಅಲ್ಲಿ ದೊಡ್ಡ ಪಾಲು! ರಾಜ್ಯ ಕಳಕೊಂಡವನ ಬಗ್ಗೆ ನೆನಪಿಟ್ಟುಕೊಳ್ಳಬೇಕಾದ್ದು ಅವನ ಕುದುರೆ ಸವಾರಿ ಅಂತ ಯಾರಿಗೋ ಅನ್ನಿಸಿದೆ. ನನಗಂತೂ ಇದು ಯಾವ ಕಾದಂಬರಿಗಿಂತ ಕಡಿಮೆ ಅನ್ನಿಸಲಿಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟ ತಂದಾಗ ಅದರಲ್ಲಿದ್ದವು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಸಂಖ್ಯೆ 500 ಆಯ್ತು. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಮತ್ತೆ ತಂದಾಗ 573. ಅವವೇ ಬೆಟ್ಟ, ಅವವೇ ಬಂಡೆ. ಕಲ್ಲು ಮರಿ ಹಾಕಲಿಲ್ಲ. ಹಿಂದಿನವರ ಪುಸ್ತಕ ಕೈಯಲ್ಲಿ ಹಿಡಿದು ಇನ್ನೊಬ್ಬರು ಬೆಟ್ಟ ಹತ್ತಿದರು, ಅಷ್ಟೇ.

ಇನ್ನೂ ದೊಡ್ಡ ಉದಾಹರಣೆ ಹಲ್ಮಿಡಿ. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ, ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ, 1902ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯ್ತು. ನನ್ನಂಥವರ ಕನಸಿನಲ್ಲಿ ಬರುವ ಪುಸ್ತಕ ಅದು. ಅದರಲ್ಲಿ ಹಲ್ಮಿಡಿ ಶಾಸನ ಇಲ್ಲ! ನಾವೆಲ್ಲಾ ಶಾಲೆಯಲ್ಲಿ ಕನ್ನಡದ ಮೊದಲ ಶಾಸನ ಅಂತ ಬಾಯಿಪಾಠ ಮಾಡಿದ ಕಲ್ಲು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸುಮ್ಮನೆ ಇತ್ತು. ಅದನ್ನು ಗುರುತಿಸಿದ್ದು 1936ರಲ್ಲಿ, ಎಂ. ಎಚ್. ಕೃಷ್ಣ. ಆ ಕಲ್ಲು ಹೇಳೋದಾದರೂ ಏನು? ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರು ಕೊಟ್ಟ ಸುದ್ದಿ. ಅಂದರೆ ಅದೂ ಒಂದು ಕಾದಾಟದ ಕಥೆಯೇ. ಆ ಹಳ್ಳಿಗೆ ಯಾರೂ ಮತ್ತೆ ಹೋಗದೇ ಇದ್ದಿದ್ದರೆ?

ಇವತ್ತಿನ ಪರಿಸ್ಥಿತಿ ಇದಕ್ಕೆ ಉಲ್ಟಾ. ಆಗ ಹುಡುಕಿದರೆ ಹೊಸದು ಸಿಗುತ್ತಿತ್ತು. ಈಗ ಹುಡುಕದಿದ್ದರೆ ಇದ್ದದ್ದೂ ಹೋಗುತ್ತೆ. ಕಳೆದ ಬೇಸಿಗೆಯಲ್ಲಿ ಅರಕಲಗೂಡು ಕಡೆಯ ಒಂದು ಹಳ್ಳಿಗೆ ಸಂಪುಟದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಪುಸ್ತಕದಲ್ಲಿ ಆ ಊರಿನ ಹೆಸರಿನ ಕೆಳಗೆ ಮೂರು ಕಲ್ಲು. ಒಂದು ದೇವಸ್ಥಾನದ ಮುಂದೆ ಸಿಕ್ತು, ಎಣ್ಣೆ-ಕುಂಕುಮ ಬಳಿಸಿಕೊಂಡು ಕ್ಷೇಮವಾಗಿತ್ತು. ಎರಡನೇದು ಬಚ್ಚಲ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿತ್ತು. ಮೂರನೇದು ವೀರಗಲ್ಲು. ಅದರ ಬಗ್ಗೆ ಅಲ್ಲಿನ ಅಜ್ಜಿಯೊಬ್ಬರನ್ನು ಕೇಳಿದೆ. "ಕುದ್ರೆ ಮ್ಯಾಲೆ ಕೂತಿದ್ನಲ್ಲ, ಆ ಕಲ್ಲಾ? ಏರಿ ರಿಪೇರಿ ಮಾಡ್ದಾಗ ಜೆಸಿಬಿ ಒಳಗೆ ಹೋಯ್ತು ಕಣಪ್ಪಾ. ನಾವ್ ಸಣ್ಣೋರಿದ್ದಾಗ ಹಬ್ಬಕ್ಕೆ ಅದ್ಕೂ ಒಂದು ಹೂವ ಇಕ್ತಿದ್ವಿ" ಅಂದರು. ಅಷ್ಟೇ. ಆ ಸವಾರ ಯಾರ ದನ ಬಿಡಿಸೋಕೆ ಹೋಗಿ ಸತ್ತನೋ, ಈಗ ಅವನ ವಿಳಾಸ ಉಳಿದಿರೋದು ಅಚ್ಚಾದ ಪುಟದಲ್ಲಿ ಮತ್ತು ಆ ಅಜ್ಜಿಯ ನೆನಪಿನಲ್ಲಿ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಪುಸ್ತಕ ಅನ್ನೋದು ಬ್ಯಾಕಪ್. ಬ್ಯಾಕಪ್ ಇದೆ ಅಂತ ಯಾರಾದರೂ ಸರ್ವರ್ ಮೇಲೆ ಜೆಸಿಬಿ ಹತ್ತಿಸ್ತಾರಾ? ಒರಿಜಿನಲ್ ಜೊತೆ ಹೋಲಿಸಿ ನೋಡದೇ ಇರುವ ಬ್ಯಾಕಪ್ ಮೇಲೆ ಭರವಸೆ ಇಡಬಾರದು ಅನ್ನೋದು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಮಗೆಲ್ಲಾ ಕಲಿಸಿರ್ತಾರೆ.

"ಅದೆಲ್ಲಾ ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತಲ್ಲಪ್ಪಾ" ಅಂತೀರಿ. ನಿಜ, ಸಿಗುತ್ತೆ. ಆದರೆ ಸ್ಕ್ಯಾನ್ ಅಂದರೆ ಪುಟದ ಫೋಟೋ. ಹಳೇ ಅಚ್ಚಿನ ಕನ್ನಡವನ್ನು ಓಸಿಆರ್ ಓದೋ ಹೊತ್ತಿಗೆ ಒತ್ತಕ್ಷರಗಳೆಲ್ಲಾ ಕಲಸುಮೇಲೋಗರ. ಇಂಗ್ಲಿಷ್ ಭಾಗದಲ್ಲಿ ಊರ ಹೆಸರುಗಳು ಇವತ್ತು ನಾವು ಬರೆಯುವ ಹಾಗಿಲ್ಲ. ನಮ್ಮ ಹಳ್ಳಿಯ ಹುಡುಗ ತನ್ನೂರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಅವನ ಊರ ಕಲ್ಲು ಅವನಿಗೆ ಸಿಗಬೇಕು. ಆ ಕೆಲಸ ಸ್ಕ್ಯಾನರ್ ಮಾಡೋಲ್ಲ, ನಾವೇ ಮಾಡಬೇಕು.

ಸಂಗ್ರಹಕಾರರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಅವರು ಎತ್ತಿಟ್ಟುಕೊಳ್ಳದಿದ್ದರೆ ಎಷ್ಟೋ ಪುಸ್ತಕ ಕಡಲೆಕಾಯಿ ಪೊಟ್ಟಣ ಆಗಿರೋದು. ಆದರೆ 'ನನ್ನ ಹತ್ತಿರ ಮೊದಲ ಮುದ್ರಣ ಇದೆ' ಅನ್ನೋ ಗತ್ತಿನಿಂದ ಯಾರಿಗೂ ಒಂದು ಪುಟ ತೋರಿಸದೇ ಇರೋದು ಎಂಥ ಸಂಗ್ರಹ? ಒಂದು ಹಳೇ ಸಂಪುಟಕ್ಕೆ ಒಬ್ಬರು ನನ್ನ ತಿಂಗಳ ಮನೆ ಬಾಡಿಗೆಯಷ್ಟು ಕೊಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ದುಡ್ಡಿನಲ್ಲಿ ಒಂದು ಇಡೀ ತಾಲ್ಲೂಕು ಸುತ್ತಿ ಬರಬಹುದು.

ಬೆಂಗಳೂರಿನಲ್ಲಿ ಇದು ನಡೆದಿದೆ ಕೂಡ. ಮಿಥಿಕ್ ಸೊಸೈಟಿಯವರು 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುವ ಕೆಲಸ ಶುರು ಮಾಡಿದರು. ಹಾಸನದ ಹಳ್ಳಿಗಳಿಗೆ ಅಷ್ಟು ದೊಡ್ಡ ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ನನ್ನ ಪ್ರಸ್ತಾಪ ಬಹಳ ಸಣ್ಣದು:

1. ಒಬ್ಬೊಬ್ಬರು ನಿಮ್ಮೂರಿನ ಒಂದೇ ಒಂದು ಹೋಬಳಿ ಆರಿಸಿಕೊಳ್ಳಿ. ಆ ಪುಟಗಳನ್ನಷ್ಟೇ ಪ್ರಿಂಟ್ ಹಾಕಿಸಿ. ಕಲ್ಲು ಊರಿನ ಯಾವ ಜಾಗದಲ್ಲಿತ್ತು ಅಂತ ಪುಸ್ತಕದಲ್ಲೇ ಬರೆದಿರುತ್ತೆ.

2. ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ದಿನ ಸುತ್ತಿ. ಇದೆಯೋ ಇಲ್ಲವೋ ಟಿಕ್ ಹಾಕಿ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತೆ. ಅಕ್ಷರ ಕಾಣಲಿ ಅಂತ ಪೇಂಟ್ ಬಳಿಯೋದು, ಕೆರೆಯೋದು ಮಾತ್ರ ಬೇಡವೇ ಬೇಡ.

3. ಶಾಸನದ ಪಾಠವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಊರಿನ ಇವತ್ತಿನ ಹೆಸರಿನ ಜೊತೆ ನಿಮ್ಮ ಬ್ಲಾಗಿನಲ್ಲಿ ಹಾಕಿ.

4. ಎಲ್ಲಕ್ಕಿಂತ ಮುಖ್ಯ, ಕಲ್ಲಿನ ಪಕ್ಕದ ಮನೆಯವರಿಗೆ ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳಿ. ಬಚ್ಚಲ ಹತ್ತಿರದ ಆ ಕಲ್ಲಿನಲ್ಲಿ ಏನಿದೆ ಅಂತ ಹೇಳಿದ ಮೇಲೆ ಆ ಮನೆಯ ಯಜಮಾನರು ಒಂದು ಮಾತೂ ಆಡದೇ ಬಕೆಟ್ ಎತ್ತಿ ಆ ಕಡೆ ಇಟ್ಟರು. ಯಾವ ಕಾನೂನೂ ಅಷ್ಟು ಬೇಗ ಕೆಲಸ ಮಾಡೋಲ್ಲ.

ನಾನು ಹೊಳೆನರಸೀಪುರ ತಾಲ್ಲೂಕಿನಿಂದ ಶುರು ಮಾಡ್ತಿದ್ದೀನಿ. ಅರಕಲಗೂಡಿನ ಕೊಣನೂರು, ರಾಮನಾಥಪುರದ ಕಡೆಯವರು ಯಾರಾದರೂ ಇದ್ದೀರಾ? ಚನ್ನರಾಯಪಟ್ಟಣದವರು? ನನ್ನ ಹತ್ತಿರ ಇರುವ ಪುಟಗಳನ್ನು ಕಳಿಸಿಕೊಡ್ತೀನಿ, ಜೆರಾಕ್ಸ್ ಖರ್ಚೂ ನನ್ನದೇ. ಬದಲಿಗೆ ನಿಮ್ಮೂರಿನ ಒಂದು ಕಲ್ಲಿನ ಸುದ್ದಿ ಬರೆಯಿರಿ, ಸಾಕು.

ಏನಂತೀರಿ?