ಗೋಣಿಚೀಲದ ಸಾಹುಕಾರ

ಚುನಾವಣೆ ಬಂದಾಗಲೆಲ್ಲ ನಮ್ಮ ಸವಳಂಗ, ನ್ಯಾಮತಿ ಸೀಮೆಯ ಕಟ್ಟೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಸಾಹುಕಾರರು ಉಂಡು ತೇಗಿದವರು, ಅವರೇಕೆ ತಿಂದಾರು? ಅವರಿಗೇ ಓಟು ಹಾಕೋಣ.’ ಈ ಮಾತನ್ನು ತೂಗಿ ನೋಡಲು ಹಳೆಯ ಸಾಹುಕಾರನೊಬ್ಬನ ಬದುಕು ನೆರವಾದೀತು.

ಜಾರ್ಜ್ ಯೂಲ್ 1829ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ. ತಮ್ಮ ಆಂಡ್ರ್ಯೂ 1863ರಲ್ಲಿ ಕಲ್ಕತ್ತೆಯಲ್ಲಿ ತೆರೆದಿದ್ದ ಕೋಠಿಯ ಹೊಣೆ ಹೊರಲು 1875ರಲ್ಲಿ ಇಲ್ಲಿಗೆ ಬಂದ. ಸೆಣಬು, ಹತ್ತಿ, ಚಹಾ ಆ ಮನೆತನದ ವ್ಯಾಪಾರ. ನಮ್ಮ ರೈತ ಕಾಳು ತುಂಬುವ ಗೋಣಿಯ ಮೂಲ ಇದ್ದದ್ದು ಅಂಥವರ ಗಿರಣಿಗಳಲ್ಲೇ. ಕಲ್ಕತ್ತೆಯ ಷರೀಫನೂ ಆದ ಈತ 1888ರ ಡಿಸೆಂಬರಿನಲ್ಲಿ ಅಲಹಾಬಾದಿನಲ್ಲಿ ಕಾಂಗ್ರೆಸ್ಸಿನ ನಾಲ್ಕನೆಯ ಅಧಿವೇಶನದ ಅಧ್ಯಕ್ಷನಾದ. ಆ ಪೀಠವೇರಿದ ಮೊದಲ ಬಿಳಿಯ ಅವನೇ.

ಅವನ ಎದೆಗಾರಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅಲ್ಲಿನ ಅಧಿಕಾರಿಗಳು ಅಧಿವೇಶನಕ್ಕೆ ಜಾಗವೇ ಸಿಗದಂತೆ ನೋಡಿಕೊಂಡಾಗ, ದರ್ಭಾಂಗದ ಮಹಾರಾಜ ಲೋಥರ್ ಕ್ಯಾಸಲ್ ಎಂಬ ಬಂಗಲೆಯನ್ನು ಕೊಂಡು ಬಿಟ್ಟುಕೊಡಬೇಕಾಯಿತು. ಸ್ವಂತ ಜನರೇ ಮುಖ ಸಿಂಡರಿಸುತ್ತಿರುವಾಗ ಯೂಲ್ ಹೋಗಿ ಕುಳಿತ. ಶಾಸನ ಸಭೆಗಳಿಗೆ ಚುನಾಯಿತರು ಬರಬೇಕೆಂದು ವಾದಿಸಿದ.

ಆದರೆ ಯಾರ ಚುನಾಯಿತರು? ಯೂಲ್ ತೀರಿಕೊಂಡ 1892ರಲ್ಲಿ ಕಾನೂನು ಬಂತು. ಅದು ಚುನಾವಣೆ ಎಂಬ ಶಬ್ದವನ್ನೇ ಬಳಸಲಿಲ್ಲ. ಹೆಸರು ಸೂಚಿಸುವ ಅವಕಾಶ ಪುರಸಭೆ, ವಿಶ್ವವಿದ್ಯಾಲಯ, ವರ್ತಕ ಮಂಡಳಿಗಳಂಥವಕ್ಕೆ ದಕ್ಕಿತು. ಸೆಣಬು ಬೆಳೆದವನಿಗಿಲ್ಲ, ನೂತವನಿಗಿಲ್ಲ. ಬಟ್ಟೆ, ಸೆಣಬಿನ ಗಿರಣಿಗಳ ಗಂಡಾಳಿನ ದುಡಿಮೆಗೆ ಮಿತಿ ಹಾಕಿದ ಕಾನೂನು ಬಂದದ್ದು 1911ರಲ್ಲಿ. ಆ ಮಿತಿಯಾದರೂ ದಿನಕ್ಕೆ 12 ಗಂಟೆ!

ನಮ್ಮ ಮೈಸೂರಿನ ಕಥೆ ಬೇರೆಯೇನಲ್ಲ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ನಡೆಸಿದ ಮೊದಲ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದರು, ರೈತರು ಮತ್ತು ವರ್ತಕರು. ರೈತರೆಂದರೆ ಜಮೀನುಳ್ಳವರೇ. 1891ರಲ್ಲಿ ಚುನಾವಣೆಯ ಪದ್ಧತಿ ಬಂದಾಗಲೂ ಆಸ್ತಿಯೇ ಅರ್ಹತೆ. ಗೇಣಿದಾರ, ಕೂಲಿಯವ ಹೊರಗೇ ನಿಂತರು. ಸಭೆ ಸೇರಿ ಎಪ್ಪತ್ತು ವರ್ಷವಾದ ಮೇಲೆ, 1951ರಲ್ಲಿ, ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಗಾಗಿ ಕಾಗೋಡಿನ ಜನ ಜೈಲಿಗೆ ಹೋಗಬೇಕಾಯಿತು. ಅಷ್ಟು ವರ್ಷ ಸಭೆಯಲ್ಲಿ ಕುಳಿತ ಮಹನೀಯರ ಕಣ್ಣಿಗೆ ಆ ಕೊಳಗ ಬೀಳಲಿಲ್ಲವೆ?

ಯೂಲ್ ಕಳ್ಳನಲ್ಲ. ತನ್ನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಂಡಷ್ಟು ನ್ಯಾಯವನ್ನು ಪ್ರಾಮಾಣಿಕವಾಗಿಯೇ ಕೇಳಿದ. ತಕರಾರಿರುವುದು ಅಲ್ಲಿಂದ ಕಾಣದ್ದರ ಬಗ್ಗೆ. ಬೀಜ, ಗೊಬ್ಬರ ಸಾಲ ಕೊಡುವವನೇ ಬೆಳೆಯನ್ನೂ ಕೊಳ್ಳುವ ಕಡೆ, ಅವನು ಓಟು ಕೇಳಲು ಬಂದರೆ ಇಲ್ಲವೆನ್ನಲು ರೈತನಿಗೆ ಬಾಯಿ ಎಲ್ಲಿಂದ ಬರಬೇಕು? 2025ರ ಸುಗ್ಗಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಸಾರಿದ್ದರೂ ಪೇಟೆಯಲ್ಲಿ ಅದು ದಕ್ಕಲಿಲ್ಲ. ಸಾಹುಕಾರರು ಈ ಸಲ ಕೈಮುಗಿದು ಬಾಗಿಲಿಗೆ ಬಂದಾಗ, ತೇವ ಹೆಚ್ಚೆಂದು ತೂಕದಲ್ಲಿ ಕಡಿಯುವ ಕಿಲೋಗಳ ಲೆಕ್ಕವನ್ನು ಮೊದಲು ಕೇಳಿರಿ. ಓಟಿನ ಮಾತು ಆಮೇಲೆ.